ಅಮೆರಿಕದ ಅಂತರ್ಯುದ್ಧದ ನಂತರ: ಉತ್ತರ ಬೆಳೆದದ್ದು ಹೇಗೆ, ದಕ್ಷಿಣ ಸೊರಗಿದ್ದು ಯಾಕೆ?

ತುಂಗಾತೀರ

ಯುದ್ಧ ಮುಗಿದ 1865ರಲ್ಲಿ ಅಮೆರಿಕದಲ್ಲಿ ಸುಮಾರು 35,000 ಮೈಲಿ ರೈಲು ಹಾದಿ ಇತ್ತು. 1900ಕ್ಕೆ ಅದು 1,93,000 ಮೈಲಿ. 1865ರಲ್ಲಿ ಬೆಸೆಮರ್ ಉಕ್ಕು, ಅಂದರೆ ಕರಗಿದ ಕಬ್ಬಿಣಕ್ಕೆ ಗಾಳಿ ಊದಿ ಮಾಡುವ ಉಕ್ಕು, ಅಲ್ಲಿ ಇನ್ನೂ ಪ್ರಯೋಗದ ಹಂತದಲ್ಲಿತ್ತು. 1900ಕ್ಕೆ ವರ್ಷದ ಉಕ್ಕು ಒಂದು ಕೋಟಿ ಟನ್ ದಾಟಿತ್ತು. ಯುದ್ಧವೇ ಕೈಗಾರಿಕೆಯನ್ನು ಹುಟ್ಟಿಸಿತು ಎಂದು ಪಠ್ಯಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ನನಗೆ ಬೇಕಿರುವುದು ಆ ಸಾಲಿನ ಒಳಗಿನ ವಿವರ. ಯಾವ ಕಾಯ್ದೆ, ಯಾವ ದುಡ್ಡು, ಯಾವ ಯಂತ್ರ? ಇನ್ನೊಂದು: ದಕ್ಷಿಣದಲ್ಲೂ ಕಬ್ಬಿಣದ ಅದಿರು ಇತ್ತು, ಕಲ್ಲಿದ್ದಲು ಇತ್ತು, ಹತ್ತಿ ಇತ್ತು, ದುಡಿಯುವ ಕೈಗಳಿದ್ದವು. ಅಲ್ಲಿ ಯಾಕೆ ಆಗಲಿಲ್ಲ? ಬಲ್ಲವರು ಬಿಡಿಸಿ ಹೇಳಬೇಕು.

ಕಾಯ್ದೆಕಟ್ಟು

ಮೊದಲು ಆ ಒಂದು ಸಾಲನ್ನೇ ಒರೆಗೆ ಹಚ್ಚೋಣ. ಯುದ್ಧಕ್ಕೆ ಮುಂಚಿನ ಎರಡು ದಶಕಗಳಲ್ಲಿ ಸರಕು ಉತ್ಪಾದನೆ ವರ್ಷಕ್ಕೆ ಸುಮಾರು ಶೇ. 4.6ರಂತೆ ಬೆಳೆಯುತ್ತಿತ್ತು. 1860ರ ದಶಕದಲ್ಲಿ ಅದು ಸುಮಾರು ಶೇ. 2ಕ್ಕೆ ಇಳಿಯಿತು. ಆಮೇಲೆ ಶತಮಾನದ ಕೊನೆಯವರೆಗೆ ಮತ್ತೆ ಶೇ. 4.4ರ ಆಸುಪಾಸು. ಅಂದರೆ ಗುಂಡು ಹಾರಿದ್ದರಿಂದ ಕಾರ್ಖಾನೆ ಬೆಳೆಯಲಿಲ್ಲ, ಬೆಳೆಯುತ್ತಿದ್ದದ್ದೂ ನಿಧಾನವಾಯಿತು. ಯುದ್ಧ ಬದಲಿಸಿದ್ದು ಬೆಳವಣಿಗೆಯ ವೇಗವನ್ನಲ್ಲ. ನಿಯಮ ಬರೆಯುವವರು ಯಾರು ಎಂಬುದನ್ನು ಬದಲಿಸಿತು.

1861ರಲ್ಲಿ ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾದಾಗ ಅವುಗಳ ಸದಸ್ಯರು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಬಿಟ್ಟು ಹೋದರು. ದಶಕಗಳಿಂದ ಅವರು ತಡೆದಿಟ್ಟಿದ್ದ ಮಸೂದೆಗಳೆಲ್ಲ ಖಾಲಿ ಕುರ್ಚಿಗಳ ನಡುವೆ ಪಾಸಾದವು. 1861ರಿಂದಲೇ ಆಮದು ಸುಂಕ ಏರತೊಡಗಿತು. 1864ರ ಕಾಯ್ದೆಯ ಹೊತ್ತಿಗೆ ಸುಂಕ ಬೀಳುವ ಸರಕಿನ ಮೇಲೆ ಸರಾಸರಿ ಶೇ. 47ರಷ್ಟು. 1862ರ ಮೇ 20ಕ್ಕೆ ಹೋಮ್‌ಸ್ಟೆಡ್ ಕಾಯ್ದೆ: 160 ಎಕರೆ, ಐದು ವರ್ಷ ಅಲ್ಲೇ ಇದ್ದು ಸಾಗು ಮಾಡಿದರೆ ಹಕ್ಕುಪತ್ರ. ಜುಲೈ 1ಕ್ಕೆ ಪಶ್ಚಿಮ ಕರಾವಳಿಯವರೆಗೆ ಹಳಿ ಹಾಕಿಸುವ ಪೆಸಿಫಿಕ್ ರೈಲ್ವೆ ಕಾಯ್ದೆ. ಮರುದಿನವೇ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜುಗಳಿಗಾಗಿ ಪ್ರತಿ ರಾಜ್ಯಕ್ಕೂ, ಅದರ ಒಬ್ಬೊಬ್ಬ ಕಾಂಗ್ರೆಸ್ ಸದಸ್ಯನ ಲೆಕ್ಕದಲ್ಲಿ, 30,000 ಎಕರೆ. ಅದೇ ವರ್ಷ ಚಿನ್ನದ ಬೆಂಬಲವಿಲ್ಲದ ಕಾಗದದ ನೋಟು, ಜನ ಗ್ರೀನ್‌ಬ್ಯಾಕ್ ಎನ್ನುತ್ತಿದ್ದದ್ದು. 1863 ಮತ್ತು 1864ರಲ್ಲಿ ರಾಷ್ಟ್ರೀಯ ಬ್ಯಾಂಕ್ ಕಾಯ್ದೆಗಳು.

ಇವು ಯುದ್ಧ ಮುಗಿದ ಮೇಲೂ ಉಳಿದವು. ಒಕ್ಕೂಟದ, ಅಂದರೆ ಕೇಂದ್ರ ಸರ್ಕಾರದ, ಸಾಲ 1860ರಲ್ಲಿ ಸುಮಾರು 6.5 ಕೋಟಿ ಡಾಲರ್ ಇದ್ದದ್ದು 1865ಕ್ಕೆ ಸುಮಾರು 270 ಕೋಟಿ ಆಗಿತ್ತು. ಅದಕ್ಕೆ ಬಡ್ಡಿ ಕಟ್ಟಬೇಕು, ಬಡ್ಡಿಗೆ ಸುಂಕ ಬೇಕು. ಸುಂಕ ಇಳಿಸಬೇಕೆಂದವರಿಗೆ ಈ ಲೆಕ್ಕವೇ ಉತ್ತರವಾಯಿತು.

ಹಳಿಗಾರ

ರೈಲ್ವೆ ಕಾಯ್ದೆಯ ದುಡ್ಡಿನ ಲೆಕ್ಕ ನೋಡಿ, ಆಗ ಎಲ್ಲಿ ಕೆಟ್ಟಿತು ಎಂಬುದೂ ತಿಳಿಯುತ್ತದೆ.

ಸರ್ಕಾರ ಎರಡು ಬಗೆಯಲ್ಲಿ ಕೊಟ್ಟಿತು. ಒಂದು, ಮೈಲಿ ಲೆಕ್ಕದಲ್ಲಿ ಸರ್ಕಾರಿ ಬಾಂಡ್: ಬಯಲಿನಲ್ಲಿ 16,000 ಡಾಲರ್, ಬೆಟ್ಟಗಳ ನಡುವಿನ ಎತ್ತರದ ಸೀಮೆಯಲ್ಲಿ 32,000, ಬೆಟ್ಟದಲ್ಲಿ 48,000. ಇದು ದಾನವಲ್ಲ, 30 ವರ್ಷಕ್ಕೆ ಶೇ. 6ರ ಬಡ್ಡಿಯ ಸಾಲ. ಎರಡು, ಹಾದಿಯ ಇಕ್ಕೆಲದಲ್ಲೂ ಚದುರಂಗದ ಹಲಗೆಯ ಹಾಗೆ ಒಂದು ಬಿಟ್ಟು ಒಂದು ಚದರ ಮೈಲಿ ಜಮೀನು. 1862ರಲ್ಲಿ ಮೈಲಿಗೆ 10 ಚದರ ಮೈಲಿ ಇದ್ದದ್ದು 1864ರಲ್ಲಿ 20 ಆಯಿತು. ನಡುವಿನ ಮನೆಗಳು ಸರ್ಕಾರದವೇ. ರೈಲು ಬಂದರೆ ಅವುಗಳ ಬೆಲೆಯೂ ಏರುತ್ತದೆ, ಕೊಟ್ಟದ್ದು ಅಲ್ಲಿ ಹುಟ್ಟುತ್ತದೆ ಎಂಬುದು ಲೆಕ್ಕಾಚಾರ. ಎಲ್ಲ ಕಂಪನಿಗಳಿಗೂ ಸೇರಿ ಒಕ್ಕೂಟ ಕೊಟ್ಟ ಜಮೀನು ಸುಮಾರು 13 ಕೋಟಿ ಎಕರೆ.

ದೋಷ ಅಳತೆಯಲ್ಲೇ ಇತ್ತು. ಮೈಲಿಗೆ ದುಡ್ಡು ಎಂದ ಕೂಡಲೇ ಹಾದಿ ಉದ್ದವಾದಷ್ಟೂ ಲಾಭ, ಗಟ್ಟಿಯಾದಷ್ಟೂ ನಷ್ಟ. ಹಳಿಯ ಕೆಳಗೆ ಹಸಿ ಮರದ ದಿಮ್ಮಿ, ಮರದ ತಾತ್ಕಾಲಿಕ ಸೇತುವೆ, ಮಂಜಿನ ಮೇಲೇ ಹಾಸಿದ ಹಳಿ. ಸಿಯೆರಾ ನೆವಾಡಾ ಬೆಟ್ಟ ಶುರುವಾಗುವುದು ಸ್ಯಾಕ್ರಮೆಂಟೊದಿಂದ ಬರೀ 7 ಮೈಲಿ ಆಚೆ, ಆರ್ಕೇಡ್ ಹಳ್ಳದ ಬಳಿ ಎಂದು ಅಧಿಕೃತವಾಗಿ ನಿಗದಿಯಾಯಿತು. ಅಲ್ಲಿ ನಿಂತರೆ ಕಾಣುವುದು ಬಯಲು. ಅಲ್ಲಿಂದಲೇ ಪಶ್ಚಿಮದಿಂದ ಹಳಿ ಹಾಕುತ್ತಿದ್ದ ಕಂಪನಿ ಸೆಂಟ್ರಲ್ ಪೆಸಿಫಿಕ್‌ಗೆ 48,000ದ ದರ ಸಿಕ್ಕಿತು.

ಪೂರ್ವದಿಂದ ಬಂದ ಯೂನಿಯನ್ ಪೆಸಿಫಿಕ್‌ನಲ್ಲಿ ದೊಡ್ಡ ಕಳ್ಳದಾರಿ ಇನ್ನೊಂದು. ಕಂಪನಿಯ ಒಳಗಿನವರೇ ಕ್ರೆಡಿಟ್ ಮೊಬಿಲಿಯೆ ಎಂಬ ಗುತ್ತಿಗೆ ಕಂಪನಿ ಇಟ್ಟುಕೊಂಡು, ತಮಗೆ ತಾವೇ ಉಬ್ಬಿಸಿದ ದರಕ್ಕೆ ಗುತ್ತಿಗೆ ಕೊಟ್ಟುಕೊಂಡರು. ಲಾಭವೆಲ್ಲ ಗುತ್ತಿಗೆ ಕಂಪನಿಗೆ, ಸಾಲವೆಲ್ಲ ರೈಲ್ವೆಗೆ. ಯಾರೂ ಕೇಳದಿರಲೆಂದು ಕಾಂಗ್ರೆಸ್ ಸದಸ್ಯ ಓಕ್ಸ್ ಏಮ್ಸ್ ತನ್ನ ಸಹ ಸದಸ್ಯರಿಗೆ ಅದರ ಷೇರುಗಳನ್ನು ಅಗ್ಗಕ್ಕೆ ಹಂಚಿದ. 1872ರಲ್ಲಿ ಪತ್ರಿಕೆಯಲ್ಲಿ ಬಯಲಾಯಿತು.

ಇಷ್ಟಾದರೂ ಹಾದಿ ಆಯಿತು ಎನ್ನುವುದನ್ನು ಮರೆಯಬಾರದು. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ 1,776 ಮೈಲಿ ಕೂಡಿತು. ಪಶ್ಚಿಮದ 690 ಮೈಲಿಯ ಕಷ್ಟದ ಕೆಲಸ, ಗ್ರಾನೈಟ್ ಕೊರೆದ ಸುರಂಗಗಳೂ ಸೇರಿ, ಬಹುಪಾಲು ಚೀನೀ ಕೂಲಿಗಳದು. 1882ರಲ್ಲಿ ಅದೇ ದೇಶ ಚೀನೀ ಕೂಲಿಗಳು ಒಳಗೆ ಬರದಂತೆ ಕಾಯ್ದೆ ಮಾಡಿತು. ಇದನ್ನು ಆ ಹಾದಿಯ ಇತಿಹಾಸದಿಂದ ಬೇರೆ ಮಾಡಿ ಬರೆಯುವುದು ಅನ್ಯಾಯ.

ಕುಲುಮೆ

ತುಂಗಾತೀರ ಅವರೇ, ದಕ್ಷಿಣದಲ್ಲಿ ಅದಿರು ಇದ್ದೂ ಉಕ್ಕು ಯಾಕಾಗಲಿಲ್ಲ ಎಂದಿರಿ. ಅರ್ಧ ಉತ್ತರ ರಂಜಕದಲ್ಲಿ (ಫಾಸ್ಫರಸ್) ಇದೆ.

ಬೆಸೆಮರ್ ವಿಧಾನ ಹೀಗೆ. ಕರಗಿದ ಬೀಡುಕಬ್ಬಿಣವನ್ನು, ಆ ಕಾಲಕ್ಕೆ 5ರಿಂದ 7 ಟನ್, ಕನ್ವರ್ಟರ್ ಎಂಬ ದೊಡ್ಡ ಪಾತ್ರೆಗೆ ಸುರಿಯುವುದು. ತಳದ ತೂತುಗಳಿಂದ ಜೋರಾಗಿ ಗಾಳಿ ಊದುವುದು. ಬೇರೆ ಉರುವಲು ಬೇಡ. ಕಬ್ಬಿಣದಲ್ಲಿರುವ ಸಿಲಿಕಾನ್, ಇಂಗಾಲ ಉರಿಯುವ ಶಾಖವೇ ಸಾಕು. 15–20 ನಿಮಿಷದಲ್ಲಿ ಬಾಯಿಯ ಜ್ವಾಲೆ ಕುಸಿದರೆ ಇಂಗಾಲ ಮುಗಿಯಿತೆಂದು ಅರ್ಥ. ಆ ಕ್ಷಣ ಗಾಳಿ ನಿಲ್ಲಿಸಬೇಕು. ತಡಮಾಡಿದರೆ ಲೋಹಕ್ಕೆ ಆಮ್ಲಜನಕ ಸೇರಿ, ಉರುಳೆಯಲ್ಲಿ ಎಳೆಯುವಾಗ ಬಿರುಕು ಬಿಡುತ್ತದೆ. ಆಮೇಲೆ ಮ್ಯಾಂಗನೀಸ್ ಇರುವ ಬೀಡುಕಬ್ಬಿಣ ಅಳೆದು ಹಾಕುತ್ತಾರೆ: ಆಮ್ಲಜನಕವನ್ನು ಅದು ಹಿಡಿಯುತ್ತದೆ, ಬೇಕಾದಷ್ಟು ಇಂಗಾಲವನ್ನೂ ವಾಪಸು ಕೊಡುತ್ತದೆ.

ಆದರೆ ಆಗಿನ ಕನ್ವರ್ಟರ್‌ಗಳ ಒಳಪದರ ಮರಳುಕಲ್ಲಿನ ಜಾತಿಯದು, ಆಮ್ಲೀಯ. ಅದರಲ್ಲಿ ರಂಜಕ ಹೋಗುವುದೇ ಇಲ್ಲ. ಅದಿರಿನಲ್ಲಿದ್ದ ರಂಜಕ ಪೂರಾ ಹಳಿಗೆ ಬರುತ್ತದೆ, ಚಳಿಗಾಲದಲ್ಲಿ ಹಳಿ ಗಾಜಿನಂತೆ ಒಡೆಯುತ್ತದೆ. ಬೀಡುಕಬ್ಬಿಣದಲ್ಲಿ ರಂಜಕ ಶೇ. 0.1ರ ಒಳಗೆ ಇರಲೇಬೇಕು. ಸುಪೀರಿಯರ್ ಸರೋವರದ ಅದಿರು ಹಾಗಿತ್ತು. 1855ರಲ್ಲಿ ಸೂ ಕಾಲುವೆ ತೆರೆದಿದ್ದರಿಂದ ಹಡಗಿನಲ್ಲಿ ಅಗ್ಗವಾಗಿ ಇಳಿದು ಬರುತ್ತಿತ್ತು. ಪಿಟ್ಸ್‌ಬರ್ಗ್ ಪಕ್ಕದಲ್ಲೇ ಕಾನೆಲ್ಸ್‌ವಿಲ್ ಕೋಕ್, ಅಂದರೆ ಕುಲುಮೆಗೆ ಹಾಕಲು ಸುಟ್ಟು ಹದ ಮಾಡಿದ ಕಲ್ಲಿದ್ದಲು. ಅಲಬಾಮದ ಬರ್ಮಿಂಗ್‌ಹ್ಯಾಮ್ ಊರು 1871ರಲ್ಲಿ ಹುಟ್ಟಿತು. ಅಲ್ಲಿ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಒಂದೇ ಕಣಿವೆಯ ಸುತ್ತ. ಆದರೆ ಕೆಂಪು ಅದಿರಿನಲ್ಲಿ ರಂಜಕ ಹೆಚ್ಚು. ಹಾಗಾಗಿ ಅದು ಎರಕದ ಬೀಡುಕಬ್ಬಿಣ ಮಾರುವ ಊರಾಗಿಯೇ ಉಳಿಯಿತು. ಸುಣ್ಣದ ಜಾತಿಯ ಒಳಪದರ ಹಾಕಿ ರಂಜಕ ತೆಗೆಯುವ ಉಪಾಯ 1870ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಸಿಕ್ಕಿತು. ಬರ್ಮಿಂಗ್‌ಹ್ಯಾಮ್ ಬಳಿಯ ಎನ್ಸ್ಲಿಯಲ್ಲಿ ಆ ಬಗೆಯ ತೆರೆದ ಕುಲುಮೆಯಿಂದ ಉಕ್ಕು ಹರಿದದ್ದು 1899ರಲ್ಲಿ. ಅಷ್ಟರಲ್ಲಿ ಪಿಟ್ಸ್‌ಬರ್ಗ್ ಕಾಲು ಶತಮಾನ ಮುಂದಿತ್ತು. 1907ರಲ್ಲಿ ಆ ಕಾರ್ಖಾನೆಯನ್ನು ಉತ್ತರದ ದೈತ್ಯ ಕಂಪನಿ ಯು.ಎಸ್. ಸ್ಟೀಲ್ ಕೊಂಡಿತು. ಮುಂದೆ ಅಲಬಾಮದ ಅಗ್ಗದ ಉಕ್ಕಿಗೂ ಪಿಟ್ಸ್‌ಬರ್ಗ್‌ನ ಬೆಲೆಯ ಮೇಲೆ ಹೆಚ್ಚುವರಿ ಸೇರಿಸಿಯೇ ಮಾರಿದರು.

ಇನ್ನು ಉತ್ತರದವರ ಜಾಣತನ. ಕನ್ವರ್ಟರ್‌ನ ತಳ ಕೆಲವೇ ಊದಿಗೆ ತಿಂದುಹೋಗುತ್ತದೆ. ಮೊದಲು ಅದು ತಣಿಯುವವರೆಗೆ ಕಾಯ್ದು ಒಳಗಿಳಿದು ರಿಪೇರಿ ಮಾಡುತ್ತಿದ್ದರು. ಅಲೆಕ್ಸಾಂಡರ್ ಹಾಲಿ ಎಂಬ ಎಂಜಿನಿಯರ್ ಕಳಚಿ ಹಾಕುವ ತಳ ಮಾಡಿದ: ಹಳೆಯದನ್ನು ಇಳಿಸಿ, ಒಣಗಿಸಿಟ್ಟ ಹೊಸದನ್ನು ಏರಿಸಿದರೆ ಕೆಲಸ ಮುಂದುವರಿಯಿತು. 1875ರಲ್ಲಿ ಶುರುವಾದ, ಉಕ್ಕಿನ ಧಣಿ ಕಾರ್ನೆಗಿಯ ಎಡ್ಗರ್ ಥಾಮ್ಸನ್ ಕಾರ್ಖಾನೆಯ ನಕ್ಷೆ ಅವನದೇ. ಉಕ್ಕಿನ ಹಳಿ 1860ರ ದಶಕದ ಕೊನೆಗೆ ಟನ್ನಿಗೆ ಸುಮಾರು 160 ಡಾಲರ್ ಇದ್ದದ್ದು 1898ಕ್ಕೆ 18ರ ಒಳಗೆ ಬಂತು.

ತುಂಗಾತೀರ

ಬೆಲೆ ಇಳಿದದ್ದು ಸುಂಕದಿಂದಲೋ, ಸುಂಕ ಇದ್ದರೂ ಇಳಿಯಿತೋ?

ಕುಲುಮೆ

1870ರ ಕಾಯ್ದೆ ಉಕ್ಕಿನ ಹಳಿಗೆ ಟನ್ನಿಗೆ 28 ಡಾಲರ್ ಸುಂಕ ಕಟ್ಟಿತು. ಇದು ಶೇಕಡಾವಾರು ಅಲ್ಲ, ನಿಗದಿ ಮೊತ್ತ. ಬೆಲೆ 100ರ ಮೇಲಿದ್ದಾಗ ಅದು ಸಾಧಾರಣ ರಕ್ಷಣೆ. ಬೆಲೆ ಕುಸಿಯುತ್ತ ಬಂದಂತೆ ಅದೇ 28 ಡಾಲರ್ ದೊಡ್ಡ ಗೋಡೆಯಾಯಿತು. ಮೊದಲ ಹತ್ತು ವರ್ಷ ಬಂಡವಾಳ ಹಾಕುವವರಿಗೆ ಅದು ಧೈರ್ಯ ಕೊಟ್ಟಿತು, ಒಪ್ಪುತ್ತೇನೆ. ಆಮೇಲೆ ಅದು ರೈತರು ರೈಲು ಬಾಡಿಗೆಯ ರೂಪದಲ್ಲಿ ಉಕ್ಕಿನ ಧಣಿಗಳಿಗೆ ತೆತ್ತ ಕಂದಾಯ.

ಎರೆಹೊಲ

ಸರ್ರ, ಈ ಯುದ್ಧಕ್ಕೂ ನಮ್ಮ ಧಾರವಾಡಕ್ಕೂ ಖರೇನ ಸಂಬಂಧ ಐತಿ, ಅದನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ.

1840ರ ದಶಕದಾಗ ಕಂಪನಿ ಸರಕಾರ ಅಮೆರಿಕದಿಂದ ಹತ್ತಿ ಬೆಳಿಯೋರನ್ನ ಕರೆಸಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿ ನೋಡಿತು. ಬ್ಯಾರೆ ಕಡೆ ಬಹಳಷ್ಟು ಹತ್ತಲಿಲ್ಲ, ಧಾರವಾಡ ಸೀಮಿ ಎರಿ ನೆಲದಾಗ ಹತ್ತಿತು. ಧಾರವಾಡ-ಅಮೆರಿಕನ್ ಅಂತ ಲಿವರ್‌ಪೂಲ್ ಪೇಟಿಗೆ ಹೋಗೋದು ಅದ. 1861ಕ್ಕ ಉತ್ತರದವರು ದಕ್ಷಿಣದ ಬಂದರು ಕಟ್ಟಿಹಾಕಿದ್ರು, ಲಿವರ್‌ಪೂಲಿನಾಗ ಹತ್ತಿ ಧಾರಣಿ ನಾಕು ಪಟ್ಟು ಏರಿತು. ಅಂಡಿಗಿ ಅಂಡಿಗಿ ಅರಳಿ ಘಟ್ಟಾ ಇಳಿದು ಕುಮಟಾ ಬಂದರಕ್ಕ ಹೋತು. 1862ರಾಗ ಉತ್ತರ ಕನ್ನಡ ಜಿಲ್ಲಾ ಮದ್ರಾಸ್ ಬಿಟ್ಟು ಮುಂಬಯಿ ಪ್ರಾಂತಕ್ಕ ಸೇರಿದ್ದರ ಹಿಂದೂ ಕಾರವಾರ ಬಂದರ ಮತ್ತ ಹತ್ತಿ ವ್ಯಾಪಾರದ ಒತ್ತಾಯ ಇತ್ತು.

ಕೆಟ್ಟದ್ದು ಏನಂದ್ರ, ರೇಟ್ ಏರಿದ ಕೂಡ್ಲೆ ಜವಾರಿ ಹತ್ತಿ, ವಿಲಾಯ್ತಿ ಹತ್ತಿ ಕೂಡಿಸಿ ಬೀಜ ಬಿಡಿಸೋ ಗರಗಸದ ಜಿನ್ನಿಗೆ ಹಾಕಿದ್ರು. ಗರಗಸದ ಹಲ್ಲು ಜವಾರಿ ಹತ್ತಿಯ ಗಿಡ್ಡ ಎಳಿ ಕತ್ತರಿಸಿ ಹಾಕತೈತಿ. ಬೀಜಾನೂ ಕಲಬೆರಕಿ ಆಗಿ ಮುಂದಿನ ವರ್ಷದ ಬೆಳಿ ಇನ್ನೂ ಕೆಡತೈತಿ. 1863ಕ್ಕ ಮುಂಬಯಿ ಸರಕಾರ ಹತ್ತಿ ಮೋಸದ ಮ್ಯಾಲೆ ಕಾಯ್ದೆ ಮಾಡಬೇಕಾತು. 1865ಕ್ಕ ದಕ್ಷಿಣದ ಸೇನಾಪತಿ ಲೀ ಶರಣಾದ ಸುದ್ದಿ ಬಂತು, ಧಾರಣಿ ಬಿತ್ತು, ಮುಂಬಯಿ ಷೇರು ಪೇಟಿ ಮುಳುಗಿತು, ಉದ್ರಿ ತಂದು ಬಿತ್ತಿದ ರೈತ ಸಾಲದಾಗ ಉಳಿದ.

ಈಗ ನನ್ನ ಪ್ರಶ್ನೆ: ಯುದ್ಧ ಮುಗಿದ ಮ್ಯಾಲೆ ಅಮೆರಿಕದ ದಕ್ಷಿಣದಾಗ ಗುಲಾಮರು ಬಿಡುಗಡೆ ಆದ್ರಲ್ಲ, ಅವರಿಗೆ ಸಾಲ ಕೊಟ್ಟೋರು ಯಾರು?

ಕಾಯ್ದೆಕಟ್ಟು

ಎರೆಹೊಲ ಅವರೇ, ನೀವು ಕೇಳಿದ್ದೇ ಈ ಚರ್ಚೆಯ ಗಂಟು.

ನಲವತ್ತು ಲಕ್ಷ ಜನ ಬಿಡುಗಡೆಯಾದರು, ಕೈಯಲ್ಲಿ ನೆಲವಿಲ್ಲದೆ. 1865ರ ಜನವರಿಯಲ್ಲಿ ಸೇನಾಪತಿ ಶರ್ಮನ್ ಕರಾವಳಿಯ ಸುಮಾರು 4 ಲಕ್ಷ ಎಕರೆಯನ್ನು ಕುಟುಂಬಕ್ಕೆ 40 ಎಕರೆಯವರೆಗೆ ಹಂಚಲು ಆದೇಶಿಸಿದ; ಸುಮಾರು 40,000 ಜನ ನೆಲೆಯೂರಿದರು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಳೆಯ ಧಣಿಗಳಿಗೆ ಕ್ಷಮೆ ಕೊಟ್ಟು ಭೂಮಿಯನ್ನೂ ಮರಳಿಸಿದ. ನನ್ನ ಮಟ್ಟಿಗೆ ಆ ಇಡೀ ಕಾಲದ ಅತಿ ದುಬಾರಿ ನಿರ್ಧಾರ ಅದು. 1866ರ ದಕ್ಷಿಣದ ಹೋಮ್‌ಸ್ಟೆಡ್ ಕಾಯ್ದೆ ಐದು ರಾಜ್ಯಗಳಲ್ಲಿ 80 ಎಕರೆ ಎಂದಿತು, ಆದರೆ ಉಳಿದಿದ್ದದ್ದು ಹೆಚ್ಚಾಗಿ ಜೌಗು ಮತ್ತು ಪೈನ್ ಕಾಡು. ಕಡಿಯಲು ಕೊಡಲಿ, ಉಳಲು ಹೇಸರಗತ್ತೆ, ಮೊದಲ ಬೆಳೆಯವರೆಗೆ ಊಟ, ಯಾವುದೂ ಇಲ್ಲ.

ಬ್ಯಾಂಕ್ ಯಾಕಿರಲಿಲ್ಲ? ದಕ್ಷಿಣದ ಹಳೆ ಬ್ಯಾಂಕುಗಳ ಆಸ್ತಿ, ಸೋತ ದಕ್ಷಿಣದ ಬಂಡಾಯ ಸರ್ಕಾರದ ಬಾಂಡ್ ಮತ್ತು ನೋಟಿನ ಜೊತೆ ಸುಟ್ಟುಹೋಗಿತ್ತು. ಸಂವಿಧಾನದ 14ನೇ ತಿದ್ದುಪಡಿ ಆ ಸಾಲವನ್ನೆಲ್ಲ ಅಸಿಂಧು ಎಂದಿತು. ಹೊಸ ರಾಷ್ಟ್ರೀಯ ಬ್ಯಾಂಕ್ ತೆರೆಯಲು 6,000ಕ್ಕಿಂತ ಕಡಿಮೆ ಜನರ ಊರಿನಲ್ಲೂ ಕನಿಷ್ಠ 50,000 ಡಾಲರ್ ಬಂಡವಾಳ ಬೇಕು. ಜಮೀನು ಅಡವಿಟ್ಟು ಸಾಲ ಕೊಡುವಂತೆಯೇ ಇಲ್ಲ. ರಾಜ್ಯದ ಬ್ಯಾಂಕುಗಳು ತಮ್ಮದೇ ನೋಟು ಹೊರಡಿಸಿದರೆ ಶೇ. 10 ತೆರಿಗೆ. ಮೂರು ಬಾಗಿಲೂ ಮುಚ್ಚಿದವು.

ಉಳಿದವನು ಅಡ್ಡರಸ್ತೆಯ ಅಂಗಡಿಯವನು. ಅವನಿಗೆ ನ್ಯೂಯಾರ್ಕ್, ಬಾಲ್ಟಿಮೋರ್‌ನ ಸಗಟು ವ್ಯಾಪಾರಿಗಳು ಉದ್ರಿ ಕೊಡುತ್ತಿದ್ದರು. ಅವನು ರೈತನಿಗೆ ಜೋಳದ ಹಿಟ್ಟು, ಉಪ್ಪು ಹಂದಿಮಾಂಸ, ಬಟ್ಟೆ, ಗೊಬ್ಬರ ಕೊಡುವನು; ಭದ್ರತೆ ಇನ್ನೂ ಬಿತ್ತದ ಬೆಳೆ. ಪ್ರತಿ ವಸ್ತುವಿಗೂ ಎರಡು ಬೆಲೆ, ನಗದಿನದೊಂದು, ಉದ್ರಿಯದೊಂದು. ಉದಾಹರಣೆಗೆ ನಗದಿಗೆ 1 ಡಾಲರ್, ಉದ್ರಿಗೆ 1.30 ಅಂತ ಇಟ್ಟುಕೊಳ್ಳಿ. ಮೇ ತಿಂಗಳಲ್ಲಿ ಒಯ್ದದ್ದಕ್ಕೆ ನವೆಂಬರಿನಲ್ಲಿ ಲೆಕ್ಕ. ಆರು ತಿಂಗಳಿಗೆ 30, ವರ್ಷಕ್ಕೆ ಶೇ. 60. ಪುಸ್ತಕದಲ್ಲಿ ಬಡ್ಡಿ ಎಂಬ ಕಾಲಮ್ಮೇ ಇರುವುದಿಲ್ಲ.

ಇನ್ನು ಪಾಲು, ಅಂದರೆ ಧಣಿಯ ನೆಲದಲ್ಲಿ ಬೆಳೆಯ ಪಾಲಿಗೆ ದುಡಿಯುವುದು. ಬರೀ ರಟ್ಟೆ ತಂದವನಿಗೆ ಅರ್ಧ. ಸ್ವಂತ ಹೇಸರಗತ್ತೆ, ಉಪಕರಣ ಇದ್ದವನಿಗೆ ಮುಕ್ಕಾಲರ ಆಸುಪಾಸು. ಧಣಿಯ ಪಾಲು ತೆಗೆದು, ಅಂಗಡಿಯ ಬಾಕಿ ಮುರಿದು, ಉಳಿದದ್ದು ರೈತನಿಗೆ. ಬಾಕಿ ತೀರದಿದ್ದರೆ ಮುಂದಿನ ವರ್ಷವೂ ಅದೇ ಅಂಗಡಿ. ಆ ಅಂಗಡಿಯವನು ಹತ್ತಿಯನ್ನೇ ಹಾಕು ಎನ್ನುತ್ತಾನೆ, ಯಾಕಂದರೆ ಜೋಳವನ್ನು ರೈತ ತಿಂದುಬಿಡಬಹುದು, ಹತ್ತಿಯನ್ನು ಮಾರಲೇಬೇಕು. ಎಲ್ಲರೂ ಹತ್ತಿ ಹಾಕಿದರು, ಬೆಲೆ ಬಿತ್ತು: 1894ಕ್ಕೆ ಪೌಂಡಿಗೆ 5 ಸೆಂಟಿಗಿಂತ ಕಡಿಮೆ. ಕಾರ್ಖಾನೆಗೆ ಹೋಗಬೇಕಿದ್ದ ಬಂಡವಾಳವೂ, ಕೊಳ್ಳುವ ಶಕ್ತಿಯೂ ಈ ಪುಸ್ತಕದೊಳಗೇ ಬತ್ತಿಹೋದವು.

ಸಂವಿಧಾನಸಖಿ

ಕಾಯ್ದೆಕಟ್ಟು ಅವರು ಬರೆದದ್ದಕ್ಕೆ ರಾಜಕೀಯದ ಮಗ್ಗುಲು ಸೇರಿಸುತ್ತೇನೆ. ಎರಡೂ ಬೇರೆ ಕಥೆಯಲ್ಲ.

1865–66ರಲ್ಲಿ ದಕ್ಷಿಣದ ರಾಜ್ಯಗಳು ಕಪ್ಪು ಜನರಿಗೆಂದೇ ಕಾಯ್ದೆ ಮಾಡಿದವು. ಮಿಸಿಸಿಪ್ಪಿಯಲ್ಲಿ ಪ್ರತಿ ಜನವರಿಯಲ್ಲೂ ಕೆಲಸ ಇದೆಯೆಂಬ ಲಿಖಿತ ಪುರಾವೆ ಇರಬೇಕು. ಇಲ್ಲದಿದ್ದರೆ ಅಲೆಮಾರಿ ಎಂದು ಹಿಡಿದು ದಂಡ, ದಂಡ ಕಟ್ಟಲಾಗದಿದ್ದರೆ ಕಟ್ಟಿದವನ ಬಳಿ ದುಡಿತ. ಇದನ್ನು ಕಂಡು ಕಾಂಗ್ರೆಸ್ 1867ರಲ್ಲಿ ಹತ್ತು ರಾಜ್ಯಗಳನ್ನು ಐದು ಸೇನಾ ಜಿಲ್ಲೆಗಳಾಗಿ ಮಾಡಿ, ಕಪ್ಪು ಗಂಡಸರೂ ಮತ ಹಾಕಿ ಆರಿಸಿದ ಸಭೆಯೇ ಹೊಸ ಸಂವಿಧಾನ ಬರೆಯಬೇಕೆಂದಿತು. 1868ರಲ್ಲಿ ಸಮಾನ ಪೌರತ್ವದ 14ನೇ ತಿದ್ದುಪಡಿ, 1870ರಲ್ಲಿ ಮತದ ಹಕ್ಕಿನ 15ನೆಯದು. ಅದೇ ವರ್ಷ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಸೆನೆಟ್‌ಗೂ, ದಕ್ಷಿಣ ಕ್ಯಾರೊಲಿನಾದಿಂದ ಜೋಸೆಫ್ ರೇನಿ ಕೆಳಮನೆಗೂ ಹೋದರು. ಆ ಸರ್ಕಾರಗಳು ಮಾಡಿದ ದೊಡ್ಡ ಕೆಲಸ ಎಲ್ಲರಿಗೂ ಸಾರ್ವಜನಿಕ ಶಾಲೆ. ಅದಕ್ಕೆ ಮುಂಚೆ ದಕ್ಷಿಣದ ಹೆಚ್ಚಿನ ಕಡೆ ಬಡ ಬಿಳಿಯರ ಮಕ್ಕಳಿಗೂ ಅದು ಇರಲಿಲ್ಲ.

ಇದು ಮುರಿದುಬಿದ್ದದ್ದು ಹೇಗೆ? ಒಂದು ಕಡೆ ಹಿಂಸೆ. ಕಪ್ಪು ಜನರನ್ನು ಹೆದರಿಸಿ ಕೊಲ್ಲುತ್ತಿದ್ದ ಬಿಳಿಯರ ಗುಪ್ತ ಪಡೆ ಕು ಕ್ಲುಕ್ಸ್ ಕ್ಲಾನ್ ವಿರುದ್ಧ ಅಧ್ಯಕ್ಷ ಗ್ರಾಂಟ್ ಸರ್ಕಾರ 1871ರಲ್ಲಿ ಸೇನೆ ಇಳಿಸಿದಾಗ ಅದು ಅಡಗಿತು. ಅಂದರೆ ಮನಸ್ಸು ಮಾಡಿದರೆ ಆಗುತ್ತಿತ್ತು. ಇನ್ನೊಂದು ಕಡೆ ದುಡ್ಡು. 1873ರ ಸೆಪ್ಟೆಂಬರ್ 18ಕ್ಕೆ ನಾರ್ದರ್ನ್ ಪೆಸಿಫಿಕ್ ರೈಲ್ವೆಯ ಬಾಂಡ್ ಮಾರಲಾಗದೆ ಜೇ ಕುಕ್ ಬ್ಯಾಂಕ್ ಮುಳುಗಿತು, ನ್ಯೂಯಾರ್ಕ್ ಷೇರುಪೇಟೆ 10 ದಿನ ಮುಚ್ಚಿತು. 1874ರಲ್ಲಿ ಕೆಳಮನೆ ಡೆಮಾಕ್ರಾಟರ ಪಾಲಾಯಿತು. ಉತ್ತರದ ಮತದಾರರಿಗೆ ದಕ್ಷಿಣದ ಕಾವಲು ದುಬಾರಿ ಎನಿಸಿತು. 1876ರ ಅಧ್ಯಕ್ಷ ಚುನಾವಣೆಯಲ್ಲಿ ರಾಜ್ಯಗಳ ಪ್ರತಿನಿಧಿಗಳು ಹಾಕುವ ಚುನಾಯಕ ಮತಗಳಲ್ಲಿ 20 ವಿವಾದಕ್ಕೆ ಬಿದ್ದವು. 15 ಜನರ ಆಯೋಗ 8–7ರಲ್ಲಿ ಎಲ್ಲವನ್ನೂ ರಿಪಬ್ಲಿಕನ್ ಅಭ್ಯರ್ಥಿ ಹೇಯ್ಸ್‌ಗೆ ಕೊಟ್ಟಿತು, 185–184. 1877ರ ಏಪ್ರಿಲ್‌ನಲ್ಲಿ ದಕ್ಷಿಣ ಕ್ಯಾರೊಲಿನಾದ ಕೊಲಂಬಿಯಾ, ಲೂಸಿಯಾನಾದ ನ್ಯೂ ಆರ್ಲಿಯನ್ಸ್‌ಗಳ ಶಾಸನಸಭೆ ಕಾಯುತ್ತಿದ್ದ ಸೈನಿಕರು ಬ್ಯಾರಕ್‌ಗೆ ಮರಳಿದರು. ಅದೇ ಜುಲೈನಲ್ಲಿ ಸಂಬಳ ಕಡಿತದ ವಿರುದ್ಧ ಮಾರ್ಟಿನ್ಸ್‌ಬರ್ಗ್‌ನಲ್ಲಿ ರೈಲು ಕಾರ್ಮಿಕರು ಮುಷ್ಕರ ಹೂಡಿದಾಗ ಒಕ್ಕೂಟದ ಸೇನೆ ಅಲ್ಲಿಗೆ ಹೊರಟಿತು.

ಈಗ ಬಾಕಿ ಪುಸ್ತಕಕ್ಕೂ ಮತಪತ್ರಕ್ಕೂ ಇರುವ ನಂಟು. ಮಿಸಿಸಿಪ್ಪಿಯ 1890ರ ಸಂವಿಧಾನದಲ್ಲಿ ಜನಾಂಗದ ಹೆಸರೇ ಇಲ್ಲ. ವರ್ಷಕ್ಕೆ 2 ಡಾಲರ್ ತಲೆಗಂದಾಯ. ಹಿಂದಿನ ಎರಡು ವರ್ಷದ್ದೂ ಕಟ್ಟಿರಬೇಕು, ರಸೀದಿ ತೋರಿಸಬೇಕು. ನಗದು ಕಾಣದ ಪಾಲಿನ ರೈತನಿಗೆ 2 ಡಾಲರ್ ಎಲ್ಲಿಂದ? ರಾಜ್ಯದಲ್ಲಿ ಎರಡು ವರ್ಷ, ಮತಗಟ್ಟೆಯ ವ್ಯಾಪ್ತಿಯಲ್ಲಿ ಒಂದು ವರ್ಷ ವಾಸ ಇರಬೇಕು. ಪಾಲಿನವನು ಲೆಕ್ಕ ಮುಗಿದ ಕೂಡಲೇ ಹೊಲ ಬದಲಿಸುವವನು. ಅದರ ಮೇಲೆ ಸಂವಿಧಾನದ ಒಂದು ಕಲಮು ಓದಬೇಕು, ಇಲ್ಲವೇ ಓದಿ ಹೇಳಿದ್ದನ್ನು ಅರ್ಥ ಹೇಳಬೇಕು. ಸರಿಯೋ ತಪ್ಪೋ ನಿರ್ಧರಿಸುವವನು ಮತದಾರರ ಪಟ್ಟಿಯ ಗುಮಾಸ್ತ. ಲೂಸಿಯಾನಾದಲ್ಲಿ ಇಂಥದೇ ಸಂವಿಧಾನ 1898ರಲ್ಲಿ ಬಂತು. 1896ರಲ್ಲಿ ಅಲ್ಲಿ ನೋಂದಾಯಿತ ಕಪ್ಪು ಮತದಾರರು 1,30,334 ಇದ್ದರು, 1900ರಲ್ಲಿ 5,320.

ಬಯಲುಸೀಮೆ

> ಯುದ್ಧ ಬದಲಿಸಿದ್ದು ನಿಯಮ ಬರೆಯುವವರು ಯಾರು ಎಂಬುದನ್ನು

ಸುಂಕ, ಬ್ಯಾಂಕು ಎಲ್ಲ ಸರಿ. ಆದರೆ ಯುದ್ಧ ನಡೆಯದಿದ್ದರೂ ಉತ್ತರ ಕೈಗಾರಿಕೆಯಲ್ಲಿ ಮುಂದೆ ಹೋಗುತ್ತಿತ್ತಲ್ಲವೇ? ರೈಲು, ಅದಿರು, ವಲಸಿಗರು ಮೊದಲೇ ಇದ್ದರು.

ಕಾಯ್ದೆಕಟ್ಟು

ಹೋಗುತ್ತಿತ್ತು. ಆದರೆ ಫಲ ಯಾರ ಕೈಗೆ ಬೀಳುತ್ತಿತ್ತು ಎಂಬುದು ಬೇರೆಯಾಗುತ್ತಿತ್ತು. ಗ್ರೀನ್‌ಬ್ಯಾಕನ್ನೇ ನೋಡಿ. ಯುದ್ಧಕಾಲದಲ್ಲಿ ಬಾಂಡ್ ಕೊಂಡವರು ಬೆಲೆ ಬಿದ್ದ ಕಾಗದದ ನೋಟು ಕೊಟ್ಟು ಕೊಂಡರು. ಬಡ್ಡಿ ಸಿಕ್ಕಿದ್ದು ಚಿನ್ನದಲ್ಲಿ. 1875ರ ಕಾಯ್ದೆಯಂತೆ 1879ರ ಜನವರಿ 1ರಿಂದ ನೋಟಿಗೆ ಚಿನ್ನ ಕೊಡಲು ಸರ್ಕಾರ ಸಿದ್ಧವಾಯಿತು. ಅದಕ್ಕಾಗಿ ಹಣದ ಹರಿವನ್ನು ಬಿಗಿ ಹಿಡಿದಿದ್ದರಿಂದ ವರ್ಷಗಟ್ಟಲೆ ಬೆಲೆಗಳು ಇಳಿದವು. ಸಾಲ ಕೊಟ್ಟವನಿಗೆ ಅದು ಲಾಭ. 1,000 ಡಾಲರ್ ಸಾಲ ಮಾಡಿದ ಕನ್ಸಾಸ್ ರೈತ ಅಷ್ಟೇ ಸಾಲಕ್ಕೆ ಹೆಚ್ಚು ಗೋಧಿ ಅಳೆಯಬೇಕಾಯಿತು.

ಪಿಂಚಣಿಯದೂ ಅಷ್ಟೇ. 1893ರ ಹೊತ್ತಿಗೆ ಒಕ್ಕೂಟದ ಖರ್ಚಿನ ಸುಮಾರು ಶೇ. 40 ಪಿಂಚಣಿಗೆ ಹೋಗುತ್ತಿತ್ತು, ಬಹುಪಾಲು ಉತ್ತರದ ಮಾಜಿ ಸೈನಿಕರು ಮತ್ತವರ ವಿಧವೆಯರಿಗೆ. ಸುಂಕದ ದುಡ್ಡು ಅದಕ್ಕೆ ಹೋದಷ್ಟೂ ಸುಂಕ ಇಳಿಸುವ ಮಾತು ಎತ್ತುವವರಿಲ್ಲ. ದಕ್ಷಿಣದವನೂ ಸುಂಕ ತೆರುತ್ತಿದ್ದ, ಆದರೆ ಬಂಡಾಯದ ಸೈನಿಕನಿಗೆ ಆ ಪಿಂಚಣಿ ಇಲ್ಲ.

ಸಂವಿಧಾನಸಖಿ

ಇದಕ್ಕೆ ನ್ಯಾಯಾಲಯವನ್ನೂ ಸೇರಿಸಿ. ಬಿಡುಗಡೆಯಾದವರ ರಕ್ಷಣೆಗೆ ಬರೆದ 14ನೇ ತಿದ್ದುಪಡಿ 1876ರ ಕ್ರುಕ್‌ಶ್ಯಾಂಕ್ ಪ್ರಕರಣದಲ್ಲಿ, ಲೂಸಿಯಾನಾದ ಕಾಲ್ಫ್ಯಾಕ್ಸ್‌ನಲ್ಲಿ ಬಿಳಿಯರ ಗುಂಪು ಕೊಂದ ಕಪ್ಪು ಜನರಿಗೆ ನೆರವಾಗಲಿಲ್ಲ. ಅದು ರಾಜ್ಯವನ್ನು ತಡೆಯುತ್ತದೆ, ಖಾಸಗಿ ಜನರನ್ನಲ್ಲ ಎಂದಿತು ಕೋರ್ಟು. 1886ರ ಸಾಂಟಾ ಕ್ಲಾರಾ ಪ್ರಕರಣದಿಂದ ಮುಂದೆ ಅದೇ ತಿದ್ದುಪಡಿ ಕಂಪನಿಗಳಿಗೆ ಗುರಾಣಿಯಾಯಿತು. ಗುಲಾಮಗಿರಿ ರದ್ದು ಮಾಡಿದ 13ನೆಯ ತಿದ್ದುಪಡಿಯಲ್ಲಿ ಅಪರಾಧದ ಶಿಕ್ಷೆಯಾಗಿ ಬಲವಂತದ ದುಡಿಮೆಗೆ ಬಿಟ್ಟಿದ್ದ ಕಿಂಡಿಯಿಂದ ಕೈದಿಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬೆಳೆಯಿತು. ಬರ್ಮಿಂಗ್‌ಹ್ಯಾಮ್ ಸುತ್ತಿನ ಕಲ್ಲಿದ್ದಲು ಗಣಿಗಳಲ್ಲಿ ಹೀಗೆ ದುಡಿದವರಲ್ಲಿ ಹೆಚ್ಚಿನವರು ಕಪ್ಪು ಜನ. ಅಲಬಾಮದಲ್ಲಿ ಇದು ನಿಂತದ್ದು 1928ರಲ್ಲಿ. ಕುಲುಮೆ ಅವರು ಹೇಳಿದ ಅಗ್ಗದ ಕಬ್ಬಿಣದ ಬೆಲೆಯಲ್ಲಿ ಈ ಜನರ ಪ್ರಾಣವೂ ಇದೆ.

ಹಳಿಗಾರ

ದಕ್ಷಿಣವನ್ನು ಉತ್ತರದ ಪೇಟೆಗೆ ಕಟ್ಟಿದ ಒಂದು ಕೆಲಸವನ್ನು ಯಾರೂ ಹೇಳಲಿಲ್ಲ: 1886ರ ಗೇಜ್ ಬದಲಾವಣೆ.

ದಕ್ಷಿಣದ ಬಹುಪಾಲು ಹಾದಿ 5 ಅಡಿ ಅಗಲ. ಉತ್ತರದ್ದು 4 ಅಡಿ 8½ ಅಂಗುಲ. ಗಡಿಯ ಊರುಗಳಲ್ಲಿ ಸರಕು ಇಳಿಸಿ ಏರಿಸಬೇಕು, ಇಲ್ಲವೇ ಬೋಗಿಯನ್ನು ಎತ್ತಿ ಕೆಳಗಿನ ಚಕ್ರದ ಗಾಡಿಯನ್ನು ಬದಲಿಸಬೇಕು. ಇಲಿನಾಯ್ ಸೆಂಟ್ರಲ್ 1881ರಲ್ಲಿ ತನ್ನ ದಕ್ಷಿಣದ ಹಾದಿಯನ್ನು ಕಿರಿದು ಮಾಡಿದ ಮೇಲೆ ಉಳಿದವರಿಗೆ ವ್ಯಾಪಾರ ತಪ್ಪತೊಡಗಿತು. 1886ರ ಫೆಬ್ರವರಿಯಲ್ಲಿ ಅಟ್ಲಾಂಟಾದಲ್ಲಿ ಸೇರಿ 4 ಅಡಿ 9 ಅಂಗುಲ ಎಂದು ಒಪ್ಪಿದರು. ಅದು ಪೆನ್ಸಿಲ್ವೇನಿಯಾ ರೈಲ್ವೆಯ ಅಳತೆ. 8½ರ ಚಕ್ರವೂ ಅದರ ಮೇಲೆ ಓಡುತ್ತದೆ.

ಮೇ 31 ಮತ್ತು ಜೂನ್ 1, ಎರಡು ದಿನದಲ್ಲಿ ಸುಮಾರು 11,500 ಮೈಲಿ. ಎರಡು ದಿನದಲ್ಲಾಗಿದ್ದು ತಿಂಗಳುಗಳ ತಯಾರಿಯಿಂದ. ಮೊದಲು ಹೊಸ ಜಾಗದಲ್ಲಿ ಹಳಿ ಸಮ ಕೂರುವಂತೆ ದಿಮ್ಮಿಯ ಮೇಲ್ಮೈಯನ್ನು ಬಾಚಿಯಿಂದ ಕೆತ್ತಿದರು. ಅಳತೆಪಟ್ಟಿ ಇಟ್ಟು, ಒಂದು ಹಳಿಯ ಒಳಗಡೆ 3 ಅಂಗುಲ ಆಚೆ, ಹೊಸ ಒಳಮೊಳೆಗಳನ್ನು ಮೊದಲೇ ಹೊಡೆದಿಟ್ಟರು. ಹಳೆಯ ಒಳಮೊಳೆಗಳಲ್ಲಿ ರೈಲು ಓಡಲು ಬೇಕಾದಷ್ಟನ್ನೇ ಬಿಟ್ಟು ಉಳಿದವನ್ನು ಕಿತ್ತರು. ಆ ದಿನ ಸಂಚಾರ ನಿಂತ ಕೂಡಲೇ ಉಳಿದ ಒಳಮೊಳೆ ಕೀಳುವುದು, ಹಾರೆಯಿಂದ ಹಳಿಯನ್ನು ಹೊಸ ಮೊಳೆಗೆ ತಾಗುವವರೆಗೆ ಸರಿಸುವುದು, ಹೊರಮೊಳೆ ಹೊಡೆಯುವುದು. ಇನ್ನೊಂದು ಹಳಿಯನ್ನು ಮುಟ್ಟುವುದೇ ಇಲ್ಲ.

ತೊಡಕು ತಿರುವಿನಲ್ಲಿ. ಹೊರಹಳಿಯನ್ನು ಒಳಕ್ಕೆ ಸರಿಸಿದರೆ ಕಮಾನು ಕಿರಿದಾಗಿ ಹಳಿ ಉದ್ದವಾಗುತ್ತದೆ: 76 ಮಿ.ಮೀ. ಸರಿಸಿದರೆ 90 ಡಿಗ್ರಿ ತಿರುವಿಗೆ ಸುಮಾರು 12 ಸೆಂ.ಮೀ. ಹೆಚ್ಚು. ಅದನ್ನು ಕೀಲುಗಳ ಸಂದಿನಲ್ಲಿ ಹಂಚಬೇಕು, ಇಲ್ಲವೇ ತುಂಡು ಕತ್ತರಿಸಬೇಕು. ಮೇ ಕೊನೆಯ ಬಿಸಿಲಿಗೆ ಸಂದು ಮೊದಲೇ ಮುಚ್ಚಿರುತ್ತದೆ, ಬಿಟ್ಟರೆ ಹಳಿ ಬಾಗುತ್ತದೆ. ಗಾಡಿಗಳ ಚಕ್ರವನ್ನು ಅಚ್ಚಿನ ಮೇಲೆ ಎರಡೂ ಬದಿ ಒಂದೂವರೆ ಅಂಗುಲ ಒಳಕ್ಕೆ ಒತ್ತಿದರು. ಹಳೆಯ ಎಂಜಿನ್‌ಗಳಿಗೆ ವರ್ಕ್‌ಶಾಪೇ ಗತಿ. ಅವನ್ನು ಸರದಿಯಂತೆ ಮುಂಚೆಯೂ ಆಮೇಲೆಯೂ ಮಾಡಿದರು.

ಬಯಲುಸೀಮೆ

ನಮ್ಮಲ್ಲಿ ಮೀಟರ್ ಗೇಜ್ ಬದಲಿಸುವಾಗ ಹಾಸನ–ಮಂಗಳೂರು ಹಾದಿ ವರ್ಷಗಟ್ಟಲೆ ಮುಚ್ಚಿತ್ತಲ್ಲ, ಅಲ್ಲಿ ಎರಡೇ ದಿನ ಹೇಗೆ?

ಹಳಿಗಾರ

ಅವರು ಕಿರಿದು ಮಾಡಿದರು, ನಾವು ಅಗಲ ಮಾಡಿದೆವು. ಕಿರಿದು ಮಾಡಲು ಅದೇ ದಿಮ್ಮಿ, ಅದೇ ಸೇತುವೆ, ಅದೇ ಸುರಂಗ ಸಾಕು. 1000 ಮಿ.ಮೀ.ಯಿಂದ 1676ಕ್ಕೆ ಹೋಗಲು ಸ್ಲೀಪರ್ ಎಲ್ಲ ಹೊಸದು, ಮಣ್ಣಿನ ಏರಿ ಅಗಲವಾಗಬೇಕು, ಸೇತುವೆ ಬಲವಾಗಬೇಕು. ಅದೂ ಪಶ್ಚಿಮ ಘಟ್ಟದ ಮಳೆಯಲ್ಲಿ.

ಎರೆಹೊಲ

ಕಡೀ ಪ್ರಶ್ನೆ ಕಾಯ್ದೆಕಟ್ಟು ಅವರಿಗೆ. ಆ ಬಾಕಿ ಪುಸ್ತಕ ಮುಚ್ಚಿದ್ದು ಯಾವಾಗ್ರಿ?

ಕಾಯ್ದೆಕಟ್ಟು

ಒಂದೇ ಸಲಕ್ಕಲ್ಲ. 1900ರಲ್ಲಿ ಸಣ್ಣ ಊರಿನ ರಾಷ್ಟ್ರೀಯ ಬ್ಯಾಂಕಿಗೆ ಬೇಕಾದ ಬಂಡವಾಳವನ್ನು 25,000ಕ್ಕೆ ಇಳಿಸಿದರು. 1916ರಲ್ಲಿ ಜಮೀನಿನ ಮೇಲೆ ದೀರ್ಘಾವಧಿ ಸಾಲ ಕೊಡುವ ಒಕ್ಕೂಟದ ಬ್ಯಾಂಕುಗಳು ಬಂದವು, ಆದರೆ ಜಮೀನೇ ಇಲ್ಲದ ಪಾಲಿನವನಿಗೆ ಅದರಿಂದ ಏನೂ ಇಲ್ಲ. 1933ರಲ್ಲಿ ಬೆಲೆ ಏರಿಸಲು ಹತ್ತಿ ಬಿತ್ತನೆ ಕಡಿಮೆ ಮಾಡಿದವರಿಗೆ ಸರ್ಕಾರ ದುಡ್ಡು ಕೊಟ್ಟಿತು. ಚೆಕ್ ಬಹುಮಟ್ಟಿಗೆ ಧಣಿಯ ಕೈಗೆ ಹೋಯಿತು, ಎಷ್ಟೋ ಕಡೆ ಅವನು ಪಾಲಿನವರನ್ನು ಎಬ್ಬಿಸಿ ಅದೇ ದುಡ್ಡಿನಲ್ಲಿ ಟ್ರ್ಯಾಕ್ಟರ್ ತಂದ. ಎರಡನೇ ಮಹಾಯುದ್ಧದ ನಂತರ ಹತ್ತಿ ಬಿಡಿಸುವ ಯಂತ್ರ ಬಂತು, ಪಾಲಿನ ಬೇಸಾಯ ಮುಗಿಯಿತು. ಅದರ ಜೊತೆಗಿದ್ದ ತಲೆಗಂದಾಯ ಒಕ್ಕೂಟದ ಚುನಾವಣೆಗಳಲ್ಲಿ 1964ರ 24ನೇ ತಿದ್ದುಪಡಿಯಿಂದ ಹೋಯಿತು, ರಾಜ್ಯದ ಚುನಾವಣೆಗಳಲ್ಲಿ 1966ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಓದಿಸಿ ನೋಡುವ ಗುಮಾಸ್ತನ ಅಧಿಕಾರವನ್ನು ದಕ್ಷಿಣದಲ್ಲಿ ಕಿತ್ತುಕೊಂಡದ್ದು 1965ರ ಮತದಾನ ಹಕ್ಕು ಕಾಯ್ದೆ.